ಅಂಜಲಕ್ಕ ಎದುರು ಬಂದ ವರ್ಷ

ಕಳೆದ ತಿಂಗಳು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ರೈಲಿಗೆ ಕಾಯುತ್ತಾ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಗುರುತಿನವಳೊಬ್ಬಳು ಹತ್ತಿರ ಬಂದು, "ಏನ್ ರತ್ನಮ್ಮಾರೇ, ಕೂತ್ಕಂಡಿದ್ದೀರಾ?" ಎಂದಳು. ಕೂತಿದ್ದೆ. ಕೂತಿರುವುದು ಅವಳಿಗೂ ಕಾಣುತ್ತಿತ್ತು. ಕಣ್ಣಿಗೆ ಕಾಣುವುದನ್ನೇ ಕೇಳಿದರೆ ಏನೆಂದು ಉತ್ತರ ಕೊಡುವುದು? "ಹೌದು" ಎಂದೆ. ಅವಳು ಇನ್ನೇನೋ ಬರಬೇಕು ಎನ್ನುವಂತೆ ಸ್ವಲ್ಪ ಹೊತ್ತು ನಿಂತಳು, ಆಮೇಲೆ ಮುಖ ಸಣ್ಣದು ಮಾಡಿಕೊಂಡು ಹೋದಳು. ನನಗೆ ಎಂಬತ್ತು ಹತ್ತಿರವಾಯಿತು. ಜನರಿಗೆ ನನ್ನಿಂದ ಏನು ಬೇಕಾಗಿತ್ತು ಎನ್ನುವುದು ಇವತ್ತಿಗೂ ಅವರು ಬೆನ್ನು ತಿರುಗಿಸಿದ ಮೇಲೇ ಹೊಳೆಯುತ್ತದೆ.

ಅಷ್ಟರಲ್ಲಿ ಗಾಳಿ ಎದ್ದು ಪ್ಲಾಟ್‌ಫಾರಂ ತುಂಬಾ ದೂಳು. ಹಲ್ಲಿನ ನಡುವೆ ಮರಳು ಕರಕರ ಎಂದದ್ದೇ ತಡ, ನನಗೆ ಚಿನ್ನದ ಗಣಿಯಿದ್ದ ಚಾಂಪಿಯನ್ ರೀಫ್ಸಿನ ಆಷಾಢ ನೆನಪಾಯಿತು. ಕಲ್ಲು ಅರೆದು ಚಿನ್ನ ತೆಗೆದುಕೊಂಡ ಮೇಲೆ ಉಳಿಯುವ ಪುಡಿಯನ್ನು ಅಲ್ಲಿ ಗುಡ್ಡ ಗುಡ್ಡವಾಗಿ ಸುರಿದಿದ್ದರು. ಆಷಾಢದ ಗಾಳಿಗೆ ಅದೆಲ್ಲ ಎದ್ದು ಬಂದು ನಮ್ಮ ಮುದ್ದೆಯಲ್ಲಿ, ಹಾಸಿಗೆಯಲ್ಲಿ, ತಲೆಗೂದಲಲ್ಲಿ ಕೂರುತ್ತಿತ್ತು. ಮಿಕ್ಕವರು ಥೂ ಎಂದು ಉಗಿದು ಊಟ ಮುಂದುವರಿಸುತ್ತಿದ್ದರು. ನನಗೆ ಒಂದು ಕಾಳು ಮರಳು ಸಿಕ್ಕಿದರೂ ಇಡೀ ತಟ್ಟೆ ಕೆಟ್ಟುಹೋಯಿತು ಎನಿಸಿ, ಎದ್ದುಬಿಡುತ್ತಿದ್ದೆ. ಅದಕ್ಕೆ ಸೊಕ್ಕು ಎಂದು ಹೆಸರು.

ನನ್ನ ಅಕ್ಕನ ಮಗಳು ಎಲ್ಲರ ಹಾಗಲ್ಲದ ಮಕ್ಕಳಿಗೆ ಪಾಠ ಹೇಳುವ ಶಾಲೆಯಲ್ಲಿದ್ದಳು. ಒಂದು ದಿನ ನನ್ನನ್ನು ಬಹಳ ಹೊತ್ತು ನೋಡಿ, "ಚಿಕ್ಕಮ್ಮ, ನಿಮಗೆ ಆಟಿಸಂ ಇದೆ" ಎಂದಳು. "ಇದ್ದರೆ ಇರಲಿ" ಎಂದೆ. ಅವಳು ಹೇಳಿದ ಲಕ್ಷಣಗಳಿಗೆಲ್ಲ ನಮ್ಮ ಕಾಲದಲ್ಲೂ ಹೆಸರುಗಳಿದ್ದವು. ಒರಟು, ತಿಕ್ಕಲು, ಮೊಂಡು, ಹೆತ್ತವರು ಬುದ್ಧಿ ಕಲಿಸಲಿಲ್ಲ. ಒಂದೇ ಹೆಸರಿನಲ್ಲಿ ಎಲ್ಲ ಮುಗಿಯುವುದಾದರೆ ಒಳ್ಳೆಯದೇ.

ನಾನು ಹೇಳಹೊರಟದ್ದು ಎಸ್ಸೆಸ್ಸೆಲ್ಸಿ ಓದಿದ ವರ್ಷದ ಮಾತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಲ್ಲಿಯವರೆಗೆ ಬಂಗಾರಪೇಟೆಯ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದೆ. ಆ ಬೇಸಗೆಯಲ್ಲಿ ಅಜ್ಜಿ ತೀರಿಕೊಂಡಳು. ಇನ್ನೂ ಆಚೆಗಿದ್ದ ನಮ್ಮ ಹಳ್ಳಿಯಿಂದ ಹುಡುಗಿಯನ್ನು ಒಂಟಿಯಾಗಿ ಹೈಸ್ಕೂಲಿಗೆ ನಡೆಸಲು ಅಪ್ಪ ಒಪ್ಪಲಿಲ್ಲ. ಅಕ್ಕನ ಗಂಡ, ನನ್ನ ಬಾವ, ಚಾಂಪಿಯನ್ ರೀಫ್ಸಿನಲ್ಲಿ ಗಣಿಯೊಳಗೆ ಇಳಿಯುವ ಕೆಲಸದಲ್ಲಿದ್ದರು. ಅಕ್ಕನ ಕಾಟ ತಡೆಯಲಾರದೆ, "ಒಂದ್ ವರ್ಸ ನಮ್ಮನೇಲೇ ಇದ್ದು ಓದ್ಕಳ್ಳಿ. ಆದ್ರೆ ಲೈನ್‌ನಾಗೆ ಯಾರತ್ರಾನೂ ಜಗಳ ಬರಕೂಡದು. ಬಂದ್ರೆ ಅವತ್ತೇ ವಾಪಸ್ಸು" ಎಂದರು.

ವಾಪಸ್ಸು ಎಂದರೆ ಮದುವೆ. ಮದುವೆ ಎಂದರೆ ಯಾರದೋ ಮನೆಗೆ ಹೋಗಿ ಅತ್ತೆಯ ಮೌನಕ್ಕೊಂದು ಅರ್ಥ, ಮಾವನ ನಿಟ್ಟುಸಿರಿಗೊಂದು ಅರ್ಥ ಹುಡುಕುತ್ತಾ ಆಯುಷ್ಯ ಸವೆಸುವುದು. ನನಗೆ ಬೇಕಾಗಿದ್ದು ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ. ಅಲ್ಲಿನ ಹೆಂಗಸನ್ನು ಒಮ್ಮೆ ನೋಡಿದ್ದೆ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತಿದ್ದಳು. ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಆ ಕಡೆಯವರು ನಂಬರು ಹೇಳುತ್ತಾರೆ, ಇವಳು ತಂತಿ ಸೇರಿಸುತ್ತಾಳೆ, ಮುಗಿಯಿತು. ಮನುಷ್ಯರು ಮನುಷ್ಯರ ಜತೆ ಮಾತಾಡಬೇಕಾದದ್ದು ಹೀಗೇ ಎಂದು ನನಗೆ ಅವತ್ತೇ ಖಾತ್ರಿಯಾಗಿತ್ತು. ಅದಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಬೇಕಿತ್ತು, ಪಾಸಾಗಲು ಬಾವನ ಮನೆಯಲ್ಲಿ ಉಳಿಯಬೇಕಿತ್ತು.

ಲೈನು ಎಂದರೆ ಗಣಿ ಕಾರ್ಮಿಕರ ಸಾಲುಮನೆಗಳು. ಬಿದಿರು ತಟ್ಟಿಯ ಗೋಡೆ, ಮೇಲೆ ತಗಡು. ಪಕ್ಕದ ಮನೆಯವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತಿತ್ತು. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ವಾಕ್ಯದಲ್ಲಿ ಓಡಾಡುತ್ತಿದ್ದವು. ಭಾಷೆ ನನಗೆ ತೊಂದರೆ ಕೊಡಲಿಲ್ಲ, ಬೇಗ ಕಲಿತೆ. ಮೂರು ಭಾಷೆಯಲ್ಲೂ ಜನ ಹೇಳದೆ ಬಿಡುತ್ತಿದ್ದರಲ್ಲ, ಅದೇ ತೊಂದರೆ.

ಬಾವನ ಮೇಸ್ತ್ರಿ ಒಂದು ಸಂಜೆ ಮನೆಗೆ ಬಂದರು. ಅಕ್ಕ ನನ್ನ ಕೈಯಲ್ಲಿ ಕಾಫಿ ಕೊಟ್ಟು ಕಳಿಸಿದಳು. ಮೇಸ್ತ್ರಿ, "ಬ್ಯಾಡಮ್ಮ, ಈಗ್ ತಾನೆ ಕುಡ್ದು ಬಂದೆ" ಎಂದರು. ಸರಿ ಎಂದು ಲೋಟ ತೆಗೆದುಕೊಂಡು ಹೋಗಿ ಕಾಫಿಯನ್ನು ಪಾತ್ರೆಗೆ ಸುರಿದು, ಲೋಟ ತೊಳೆದಿಟ್ಟೆ. ಮೇಸ್ತ್ರಿ ಹೋದ ಮೇಲೆ ಬಾವ ತಲೆಯ ಮೇಲೆ ಕೈ ಹೊತ್ತು ಕೂತರು.

"ಬ್ಯಾಡ ಅಂದ್ರೆ ಬ್ಯಾಡ ಅಂತಾನೇನೇ?"

"ಮತ್ತೇನಂತ?"

"ಕುಡೀತೀನಿ ಅಂತ!"

ನಾನು ಇದಕ್ಕೆ ಏನು ಮಾಡಲಿ? ಬೇಡ ಎನ್ನುವ ಮಾತನ್ನು ಬೇಕು ಎನ್ನುವುದಕ್ಕೆ ಬಳಸಿಕೊಂಡರೆ, ನಿಜವಾಗಿ ಬೇಡವಾದವನು ಏನು ಹೇಳಬೇಕು? ಕೇಳಿದೆ. ಬಾವ ಬೀಡಿ ಹಚ್ಚಿಕೊಂಡು ಹೊರಗೆ ಹೋದರು.

ಕೊಳಾಯಿಯ ಕಥೆ ಇದಕ್ಕಿಂತ ಕಷ್ಟ. ಬೇತಮಂಗಲದ ಕೆರೆಯ ನೀರು ಲೈನಿಗೆಲ್ಲ ಇದ್ದ ಒಂದು ಕೊಳಾಯಿಗೆ ಬರುತ್ತಿತ್ತು. ಹೆಂಗಸರು ಬಿಂದಿಗೆಗಳನ್ನು ಸಾಲಾಗಿಟ್ಟು ಮನೆಗೆ ಹೋಗಿಬಿಡುತ್ತಿದ್ದರು. ಆ ಸಾಲನ್ನು ಆಳುತ್ತಿದ್ದವಳು ನಮ್ಮ ಪಕ್ಕದ ಮನೆಯ ಅಂಜಲಕ್ಕ. ದೊಡ್ಡ ಆಳು, ದೊಡ್ಡ ಕುಂಕುಮ, ದೊಡ್ಡ ಗಂಟಲು. ಯಾರನ್ನೋ ಮುಂದೆ ಬಿಡುತ್ತಿದ್ದಳು, ಯಾರನ್ನೋ ತಡೆಯುತ್ತಿದ್ದಳು. ಗಂಡ ಪಾಳಿಗೆ ಹೊರಡುವ ಮನೆಯವರು ಮುಂದೆ, ಬಾಣಂತಿ ಮನೆಯವರು ಮುಂದೆ, ನೆಂಟರು ಬಂದ ಮನೆಯವರು ಮುಂದೆ. ಇದೆಲ್ಲ ಎಲ್ಲರಿಗೂ ಗೊತ್ತಿತ್ತು, ಯಾರೂ ಯಾರಿಗೂ ಹೇಳಿರಲಿಲ್ಲ. ನನಗೆ ಕಂಡದ್ದು ಸಾಲು. ಸಾಲೆಂದ ಮೇಲೆ ಮುಂದಿನವರು ಮುಂದೆ, ಹಿಂದಿನವರು ಹಿಂದೆ. ಒಂದು ಬೆಳಿಗ್ಗೆ ಅಂಜಲಕ್ಕ ಅಲ್ಲಿಲ್ಲದಾಗ ಅವಳ ಬಿಂದಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು ನನ್ನದಕ್ಕೆ ನೀರು ಹಿಡಿದೆ.

"ಅಡಿ ಪಾವಿ! ನನ್ ಬಿಂದ್ಗೆ ನಿಂತಿದ್ರೆ ನಾನು ನಿಂತಂಗೆ ಕಣೇ!" ಎಂದು ಅಂಜಲಕ್ಕ ಓಡಿ ಬಂದಳು.

"ಬಿಂದಿಗೆ ನಿಂತಿತ್ತು. ನೀನು ಮನೇಲಿದ್ದೆ" ಎಂದೆ.

"ಮಾತಾಡೋವಾಗ ಮುಖ ನೋಡಿ ಮಾತಾಡೇ!"

ಮುಖ ನೋಡಿದರೆ ನನಗೆ ಮಾತು ಕೇಳಿಸುವುದಿಲ್ಲ. ಹುಬ್ಬು, ಮೂಗುಬಟ್ಟು, ತುಟಿ ಎಲ್ಲ ಒಟ್ಟಿಗೆ ಅಲ್ಲಾಡುತ್ತಿದ್ದರೆ ಯಾವುದನ್ನು ಗಮನಿಸುವುದು? ನಾನು ಬಿಂದಿಗೆಯನ್ನೇ ನೋಡುತ್ತಾ ನಿಂತೆ. ಅಂಜಲಕ್ಕ ಸೀದಾ ನಮ್ಮ ಮನೆಗೆ ಬಂದು ಬಾವನಿಗೆ ದೂರು ಹೇಳಿದಳು. ಬಾವ ನನ್ನ ಟ್ರಂಕಿನ ಕಡೆ ನೋಡಿದರು. ಅದರ ಅರ್ಥ ಮಾತ್ರ ನನಗೆ ತಕ್ಷಣ ಆಯಿತು.

ಅವತ್ತಿನಿಂದ ಅಕ್ಕ ಪಾಠ ಶುರುಮಾಡಿದಳು. ಸಂಜೆ ನನ್ನ ತಲೆ ಬಾಚುತ್ತಾ ಹೇಳಿಕೊಡುತ್ತಿದ್ದಳು. ಬಾಚಣಿಗೆ ತಗುಲಿದರೆ ನನಗೆ ಮೈಯೆಲ್ಲ ಮುಳ್ಳೇಳುತ್ತಿತ್ತು, ಆದರೂ ಪಾಠಕ್ಕಾಗಿ ಹಲ್ಲು ಕಚ್ಚಿ ಕೂರುತ್ತಿದ್ದೆ. "ಬಂದೋರ್ಗೆ ಬನ್ನಿ ಅನ್ಬೇಕು. ಬ್ಯಾಡ ಅಂದ್ರೆ ಇನ್ನೆರಡ್ ಸಲ ಕೇಳ್ಬೇಕು. ಊಟ ಆಯ್ತಾ ಅಂದ್ರೆ ಆಯ್ತು, ನಿಮ್ದು ಅನ್ಬೇಕು, ಅದ್ರಾಗೆ ಮರಳಿತ್ತು, ಅರ್ಧಕ್ಕೇ ಎದ್ದೆ ಅಂತೆಲ್ಲ ಯೇಳ್ಬಾರ್ದು. ಯಾರ ಮನೆಯಿಂದ ಒರಟ್ರೂ ತಲೆ ಎತ್ತಿ, ನಗ್ತಾ, ಓಗ್ ಬತ್ತೀನಿ ಅನ್ಬೇಕು." ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ದಸರಾ ಕಳೆಯುವಷ್ಟರಲ್ಲಿ ಒಂದೂ ತಪ್ಪದೆ ಒಪ್ಪಿಸುತ್ತಿದ್ದೆ. ಲೈನಿನವರು, "ಪರ್ವಾಗಿಲ್ಲ, ಉಡುಗಿ ಸುಧಾರಿಸ್ಕಂಡ್ಲು" ಎಂದರು. ಬಾವನೂ ಟ್ರಂಕಿನ ಕಡೆ ನೋಡುವುದು ಬಿಟ್ಟರು. ಅಕ್ಕ ಆಗ ಬಸುರಿ. ಮನೆಯಲ್ಲಿ ಒಂದು ನಗೆಯಿತ್ತು.

ಮಾಗಿಯ ಚಳಿಯಲ್ಲಿ ಅಂಜಲಕ್ಕನ ಗಂಡ ಸತ್ತ. ಎಷ್ಟೋ ಕಾಲದಿಂದ ಕಲ್ಲಿನ ದೂಳು ಕುಡಿದ ಎದೆ. ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಿದ್ದರು. ತಟ್ಟಿಯ ಆಚೆಯಿಂದ ಅವನ ಕೆಮ್ಮು ಹಗಲೆಲ್ಲ ಕೇಳುತ್ತಿತ್ತು. ನಾನು ಅದಕ್ಕೆ ಎಷ್ಟು ಒಗ್ಗಿಹೋಗಿದ್ದೆನೆಂದರೆ, ಅದು ನಿಂತ ಬೆಳಿಗ್ಗೆ ನನಗೆ ಲೆಕ್ಕದ ಪುಸ್ತಕ ತೆರೆದು ಕೂರಲು ಆಗಲಿಲ್ಲ.

ತಮಟೆಯವರು ಬಂದರು. ಆ ಸದ್ದು ನನ್ನ ಎದೆಯ ಮೂಳೆಯ ಮೇಲೇ ಬಡಿಯುತ್ತಿದ್ದಂತಿತ್ತು. ಜತೆಗೆ ಹೆಂಗಸರ ಅಳು, ಊದುಬತ್ತಿಯ ಹೊಗೆ. ಅಕ್ಕ ಬಸುರಿಯಾದ್ದರಿಂದ ಸಾವಿನ ಮನೆಗೆ ಹೋಗುವ ಹಾಗಿರಲಿಲ್ಲ. ಮನೆಯ ಪರವಾಗಿ ನಾನು ಹೋಗಬೇಕಾಯಿತು. ಹೆಣ ಎತ್ತಿದ ಮೇಲೂ ಹೆಂಗಸರ ನಡುವೆ ಒಂದು ಮೂಲೆಯಲ್ಲಿ ಕೂತಿದ್ದೆ. ಒಬ್ಬೊಬ್ಬರೇ ಎದ್ದು ಹೊರಟರು. ಯಾರೂ ಏನೂ ಹೇಳಲಿಲ್ಲ. ನನಗೆ ಆಶ್ಚರ್ಯವಾಯಿತು. ಇಷ್ಟು ದಿನ ನನಗೆ ಮರ್ಯಾದೆ ಹೇಳಿಕೊಟ್ಟವರೇ ಹೀಗೆ ಬಾಯಿ ಮುಚ್ಚಿಕೊಂಡು ಹೋಗುವುದೆ? ನನ್ನ ಸರದಿ ಬಂತು. ಎದ್ದೆ. ತಲೆ ಎತ್ತಿದೆ. ಕಲಿತಂತೆ ನಕ್ಕೆ.

"ಅಂಜಲಕ್ಕಾ, ಓಗ್ ಬತ್ತೀನಿ" ಎಂದೆ. ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ.

ಸಾವಿನ ಮನೆಯಿಂದ ಹೊರಡುವಾಗ ಆ ಮಾತು ಆಡಬಾರದು. ಆಡಿದರೆ ಇನ್ನೊಂದು ಸಾವಿಗೆ ಮತ್ತೆ ಬರುತ್ತೇನೆ ಎಂದ ಹಾಗೆ. ಇದು ನಮ್ಮ ಕಡೆಯ ಮೂರು ವರ್ಷದ ಮಗುವಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ. ಯಾರ ಮನೆಯಿಂದ ಹೊರಟರೂ ಹೇಳಬೇಕು ಎಂದಿದ್ದರು, ಹೇಳಿದೆ. ಈ ಲೋಕದಲ್ಲಿ ಪ್ರತಿ ನಿಯಮಕ್ಕೂ ಒಂದು ಹೊರತು ಇರುತ್ತದೆ, ಅದನ್ನು ತಪ್ಪು ಮಾಡಿದ ಮೇಲೇ ತಿಳಿಸುತ್ತಾರೆ. ಮೊದಲೇ ಹೇಳಿದರೆ ಇವರ ಗಂಟೇನು ಹೋಗುತ್ತದೆ?

ಹೆಂಗಸರೆಲ್ಲ ಒಟ್ಟಿಗೆ ಕಿರುಚಿದರು. ಒಬ್ಬಳು ನನ್ನ ಬೆನ್ನಿಗೆ ಗುದ್ದಿದಳು. ಸುದ್ದಿ ನನಗಿಂತ ಮುಂಚೆ ಮನೆ ತಲುಪಿತು. ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಳುತ್ತಿದ್ದಳು. ಬಾವನ ಮುಖ ಹೇಗಿತ್ತೋ ನಾನು ನೋಡಲಿಲ್ಲ. ಅವರ ಕಾಲು ಬಾಗಿಲಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ ಓಡಾಡುತ್ತಿತ್ತು. "ಬಸುರಿ ಇರೋ ಮನೆ. ನಾನು ದಿನಾ ಭೂಮಿಯೊಳಕ್ಕೆ ಇಳಿಯೋನು. ನಿನ್ ಬಾಯಿಗೆ ನಾವೇನಾ ಸಿಕ್ಕಿದ್ದು?" ಎಂದರು. ಬಾವ ಕೆಟ್ಟವರಲ್ಲ. ದಿನಾ ಕತ್ತಲೆಗೆ ಇಳಿಯುವವರಿಗೆ ಧೈರ್ಯ ಎಲ್ಲಿಂದಾದರೂ ಬರಬೇಕು, ಅವರಿಗೆ ಶಕುನಗಳಿಂದ ಬರುತ್ತಿತ್ತು. ಪಕ್ಕದ ಮನೆಯ ಕಾರ್ಯ ಮುಗಿದ ತಕ್ಷಣ ನನ್ನನ್ನು ಊರಿಗೆ ಬಿಟ್ಟು ಬರುವುದೆಂದು ತೀರ್ಮಾನವಾಯಿತು. ಪರೀಕ್ಷೆಗೆ ಎರಡು ತಿಂಗಳಷ್ಟೇ ಉಳಿದಿತ್ತು.

ಮರುದಿನ ಸ್ಕೂಲಿನಿಂದ ಬಂದು ಅಂಜಲಕ್ಕನ ಮನೆಗೆ ಹೊರಟೆ. ಅಕ್ಕ ಬಾಗಿಲಿಗೆ ಅಡ್ಡ ಬಂದಳು. "ಲೇ, ಇನ್ನೂ ಏನೇ ಬಾಕಿ ಐತೆ?"

"ಬತ್ತೀನಿ ಅಂದಿದ್ದೆನಲ್ಲ. ಹೇಳಿದ ಮೇಲೆ ಹೋಗಬೇಡವಾ?"

ಅಕ್ಕನಿಗೆ ಸಾಕಾಗಿ ಹೋಗಿತ್ತು, ದಾರಿ ಬಿಟ್ಟಳು.

ಅಂಜಲಕ್ಕ ಮೂಲೆಯಲ್ಲಿ ಗೋಣಿಯ ಮೇಲೆ ಕೂತಿದ್ದಳು. ಮನೆಯಲ್ಲಿ ಇನ್ನಾರೂ ಇರಲಿಲ್ಲ. ನಿನ್ನೆ ಕಿಕ್ಕಿರಿದಿದ್ದ ಜನವೆಲ್ಲ ಎಲ್ಲಿ ಹೋದರೋ. ನಾನು ಕೂತೆ.

"ಯಾಕೆ ಬಂದೆ?" ಎಂದಳು.

"ಬತ್ತೀನಿ ಅಂದಿದ್ದೆ."

ಅವಳು ಗೋಣಿಯ ಅಂಚಿನ ನಾರು ಕಿತ್ತಳು. ಆಮೇಲೆ ಕೇಳಿದಳು: "ಎಲ್ಲಾರೂ ಹೇಳ್ತಾರೆ, ನೋವಿಲ್ದೆ ಹೋದ್ರು, ಪುಣ್ಯವಂತ್ರು ಅಂತ. ನಿಜಾನಾ?"

"ನನಗೆ ಗೊತ್ತಿಲ್ಲ. ಕೆಮ್ಮು ಕೇಳಿಸ್ತಿತ್ತು. ನೋವಿತ್ತು ಅನ್ಸುತ್ತೆ."

"ಇತ್ತು" ಎಂದಳು ಅಂಜಲಕ್ಕ. "ಬಹಳಾ ಇತ್ತು." ಹಾಗೆಂದು ಅಳತೊಡಗಿದಳು. ಅಳುವವರ ಮುಂದೆ ಏನು ಮಾಡಬೇಕೆಂದು ಅಕ್ಕನ ಪಾಠದಲ್ಲಿ ಇರಲಿಲ್ಲ. ನಾನು ಚರಿತ್ರೆ ಪುಸ್ತಕ ತೆಗೆದು ಓದಿಕೊಂಡೆ. ಅವಳು ಅತ್ತು ಮುಗಿಸಿದಳು. ಕತ್ತಲಾಗುವ ಮುಂಚೆ ಎದ್ದೆ. ಈ ಸಲ ಏನು ಹೇಳಬೇಕೋ ತಿಳಿಯದೆ ನಿಂತಾಗ ಅವಳೇ, "ನಾಳೆ ಬಾ" ಎಂದಳು. ಕಾರ್ಯ ಮುಗಿಯುವವರೆಗೂ ದಿನಾ ಹೋದೆ. ಅವಳಿಗೆ ಸೂತಕ, ನೀರಿಗೆ ಹೋಗುವ ಹಾಗಿರಲಿಲ್ಲ. ಅವಳ ಬಿಂದಿಗೆಯನ್ನು ನಾನೇ ತುಂಬಿ ತಂದೆ. ಸಾಲಿನಲ್ಲಿ ಅದರ ಜಾಗಕ್ಕೆ ಯಾರಾದರೂ ಬಂದರೆ, "ಇದು ನಿಂತಿದ್ದರೆ ಅಂಜಲಕ್ಕ ನಿಂತಂಗೆ" ಎಂದು ಜಗಳವನ್ನೂ ಮಾಡಿದೆ.

ಕಾರ್ಯದ ದಿನ ಅವಳ ಕುಂಕುಮ, ಬಳೆ, ತಾಳಿ ಎಲ್ಲ ತೆಗೆದರು. ಅದಾದ ಭಾನುವಾರ ಬಾವ ನನ್ನ ಟ್ರಂಕನ್ನು ಹೆಗಲಿಗೇರಿಸಿದರು. ಚಾಂಪಿಯನ್ ಸ್ಟೇಷನ್ನಿಗೆ ನಡೆದು, ಬಂಗಾರಪೇಟೆ ರೈಲು ಹಿಡಿಯುವುದೆಂದು ಲೆಕ್ಕ. ಅಕ್ಕ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಇಡೀ ವರ್ಷ ಬಾಯಿಪಾಠ ಮಾಡಿ, ಹಲ್ಲು ಕಚ್ಚಿ ತಲೆ ಬಾಚಿಸಿಕೊಂಡು, ಕೊನೆಗೆ ಒಂದು ಮಾತಿಗೆ ಎಲ್ಲ ಹೋಯಿತಲ್ಲ ಎಂದು ನನಗೆ ಸಿಟ್ಟು.

ಸಾಲುಮನೆಗಳ ದಾರಿಗೆ ಇಳಿದೆವು. ಎದುರಿಗೆ ಅಂಜಲಕ್ಕ ಬಂದು ನಿಂತಳು. ಬೋಳು ಹಣೆ, ಬರಿ ಕೈ, ದಾರಿಯ ನಟ್ಟನಡುವೆ.

ಬಾವ ಗಕ್ಕನೆ ನಿಂತರು. ಟ್ರಂಕು ಹೊತ್ತವರು ಹಾಗೇ ಹಿಂದಿರುಗಿ ಮನೆಗೆ ಬಂದರು. ನೀರು ಕುಡಿದರು, ಸ್ವಲ್ಪ ಹೊತ್ತು ಕೂತರು, ಮತ್ತೆ ಹೊರಟರು. ಅಂಜಲಕ್ಕ ಅಲ್ಲೇ ನಿಂತಿದ್ದಳು. ಮತ್ತೆ ವಾಪಸ್ಸು, ಮತ್ತೆ ನೀರು. ನನಗೆ ತಲೆ ಚಿಟ್ಟು ಹಿಡಿಯಿತು. "ಪಕ್ಕದಲ್ಲಿ ಅಷ್ಟು ಜಾಗ ಇದೆಯಲ್ಲ ಬಾವ" ಎಂದೆ. ಅವರು ನನ್ನನ್ನು ತಿಂದುಬಿಡುವವರಂತೆ ನೋಡಿದರು. ರೈಲು ಹೋಯಿತು.

ಮುಂದಿನ ಭಾನುವಾರ ಬಾವ ಹಿತ್ತಲ ಕಡೆಯಿಂದ ಹೊರಡಿಸಿದರು. ಅಲ್ಲೂ ಅವಳೇ. ಗಂಡ ಸತ್ತವಳು ಎದುರು ಬಂದರೆ ಪ್ರಯಾಣ ಕೆಡುತ್ತದೆ ಎನ್ನುವ ಸಂಗತಿ ನನಗೆ ಅರ್ಥವಾದದ್ದು ಆಗ, ಬಾವ ಬಾಯಿಬಿಟ್ಟು ಬೈದಾಗ.

"ಏನಕ್ಕಾ, ಬೇಕಂತ್ಲೇ ಮಾಡ್ತಿದ್ದೀಯಾ?"

"ನಾನೇನ್ ಮಾಡ್ದೆ? ನಿಂತಿದೀನಿ" ಎಂದಳು ಅಂಜಲಕ್ಕ, ಅದೇ ಕೊಳಾಯಿಯ ಗಂಟಲಿನಲ್ಲಿ. "ನಾನು ಎದುರು ಬಂದ್ರೆ ಕೆಟ್ಟದ್ದು ಅಂತ ನೀವೇ ತಾನೆ ಹೇಳೋದು? ನಿಮ್ಮನೆ ಪೊಣ್ಣು ಪರೀಕ್ಷೆ ಬರೆಯೋವರ್ಗೂ ದಿನಾ ಎದುರು ಬತ್ತೀನಿ. ಯಾವ ಕಡೆ ಕರ್ಕೊಂಡ್ ಹೋಗ್ತೀಯೋ ಕರ್ಕೊಂಡ್ ಹೋಗು, ನೋಡೋಣ."

ಬಾವ ಟ್ರಂಕನ್ನು ಇಳಿಸಿದರು. ಮತ್ತೆ ಎತ್ತಲಿಲ್ಲ.

ನಾನು ಅವತ್ತು ಸಂಜೆ ಅವಳನ್ನು ಕೇಳಿದೆ. ನಿನ್ನ ಬಿಂದಿಗೆ ಎತ್ತಿಟ್ಟವಳು ನಾನು. ನಿನ್ನ ಗಂಡ ಸತ್ತ ದಿನ ನಕ್ಕವಳು ನಾನು. ನನಗೋಸ್ಕರ ಯಾಕೆ ನಿಂತೆ?

ಅಂಜಲಕ್ಕ ಅಕ್ಕಿ ಆರಿಸುತ್ತಿದ್ದಳು. "ಮೊನ್ನೆವರ್ಗೂ ನನ್ ಮುಖ ನೋಡಿ ಮಾತಾಡ್ದೋರೆಲ್ಲ ಈಗ ಮುಖ ತಿರುಗಿಸ್ಕೊಂಡ್ ಹೋಗ್ತಾರೆ. ನೀನು ಆಗ್ಲೂ ನೋಡ್ಲಿಲ್ಲ, ಈಗ್ಲೂ ನೋಡಲ್ಲ. ನಿನ್ನೊಬ್ಬಳಿಗೇ ನಾನು ಆವತ್ತಿನ ಅಂಜಲೇನೇ" ಎಂದಳು.

ಅವತ್ತಿನಿಂದ ಅವಳಿಗೆ ಆದದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಿಕ್ಕ ವಿಧವೆಯರು ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದರು. ಇವಳು ಬೇಕೆಂದೇ ಎದುರು ಬರುವವಳು ಎಂದು ಲೈನಿಗೆ ಲೈನೇ ಮಾತಾಡಿತು. ಗಂಡಸರು ಪಾಳಿಗೆ ಹೊರಡುವ ಮುನ್ನ ಅವಳ ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಳ್ಳುತ್ತಿದ್ದರು. ಗಣಿಯ ಪಾಳಿಯ ಸೈರನ್ ಕೂಗುವ ಹೊತ್ತಿಗೆ ಅವಳು ತಾನೇ ಬಾಗಿಲು ಹಾಕಿಕೊಳ್ಳತೊಡಗಿದಳು. ಕೊಳಾಯಿಯ ಆಳ್ವಿಕೆ ಬೇರೆಯವರ ಪಾಲಾಯಿತು.

ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು, ಬಾವನೂ ದಿನಾ ಇಳಿದು ದಿನಾ ಹತ್ತಿ ಬಂದರು. ನನ್ನ ಬಾಯಿಗೆ ಅಂಥ ಶಕ್ತಿಯೇನೂ ಇರಲಿಲ್ಲ ಎಂದು ಯಾರೂ ಒಪ್ಪಿಕೊಳ್ಳಲಿಲ್ಲ, ಸುಮ್ಮನಾದರು ಅಷ್ಟೆ.

ಪರೀಕ್ಷೆಯ ದಿನ ಬಂತು. ಅಕ್ಕ ಮೊಸರು ಸಕ್ಕರೆ ತಿನ್ನಿಸಿದಳು. ಬಾವ ಮುಂದಾಗಿ ಹೋಗಿ, ದಾರಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ನನ್ನನ್ನು ಕರೆದರು. ಅಂಜಲಕ್ಕನ ಬಾಗಿಲು ಮುಚ್ಚಿತ್ತು. ಒಳಗಿನಿಂದ ಅಗಳಿ ಹಾಕಿತ್ತು. ನಾನು ನಿಂತೆ. ಇದೇನು ಲೆಕ್ಕ? ನಾನು ಇವತ್ತು ಪರೀಕ್ಷೆಗೆ ಹೋಗುತ್ತಿರುವುದೇ ಅವಳು ಎದುರು ಬಂದದ್ದರಿಂದ. ಹೋಗಿ ಬಾಗಿಲು ಬಡಿದೆ.

"ಅಂಜಲಕ್ಕಾ, ಪರೀಕ್ಷೆಗೆ ಹೊರಟಿದೀನಿ. ಎದುರು ಬಾ."

"ಓಡು, ಓಡು! ಇವತ್ತು ಬೇಡ ಕಣ್ಣೂ" ಎಂದಳು ಒಳಗಿನಿಂದ.

"ನೀನು ಬರದೆ ನಾನು ಹೋಗಲ್ಲ."

ನಾನು ಹೇಳಿದರೆ ಹಾಗೇ ಮಾಡುವವಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾವ "ಲೇ ರತ್ನಾ" ಎಂದವರು ದಾರಿಯ ಅಂಚಿಗೆ ಸರಿದು ನಿಂತರು. ಅಗಳಿ ಸರಿಯಿತು. ಅಂಜಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಗೆ ಬಂದಳು. ಬಂದು ನನ್ನ ಮುಂದೆ ನಡೆದಳು, ದಾರಿಯ ನಟ್ಟನಡುವೆ, ಲೈನಿನ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಸ್ಕೂಲಿನ ಗೇಟಿನವರೆಗೂ. ಬಾಗಿಲುಗಳು ಪಟಪಟ ಮುಚ್ಚಿಕೊಂಡವು. ನಾನು ಅವಳ ಹಿಮ್ಮಡಿಗಳನ್ನೇ ನೋಡುತ್ತಾ ಹಿಂದೆ ಹೋದೆ.

ಪಾಸಾದೆ. ಕೊಳಾಯಿಯ ಹತ್ತಿರ ಹೆಂಗಸರು, "ಅಂಥಾ ಮುಖ ಎದುರಾಗಿದ್ರೂ ಉಡುಗಿ ಪಾಸಾಯ್ತಲ್ಲ, ಗ್ರಹಗತಿ ಗಟ್ಟಿ ಇತ್ತು" ಎಂದು ಮಾತಾಡಿಕೊಂಡರು. ಇಂಥವರ ಜತೆ ಏಗುವುದು ಹೇಗೆ? ಬಿಂದಿಗೆ ಕೆಳಗಿಟ್ಟೆ. ಎದುರಾಗಿದ್ದರೂ ಅಲ್ಲ, ಎದುರಾಗಿದ್ದಕ್ಕೇ ಪಾಸಾದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ದೊಡ್ಡ ಜಗಳವೇ ಆಯಿತು, ದೂರು ಮನೆಗೂ ಬಂತು. ಆ ವರ್ಷ ನಾನು ಮಾಡಿದ ಜಗಳಗಳಲ್ಲಿ ಅದೊಂದಕ್ಕೆ ಮಾತ್ರ ಬಾವ ನನ್ನನ್ನು ಬೈಯಲಿಲ್ಲ.